ಕೇಳಿ, ಹೇಳುತ್ತೇವೆ: ಆಫ್ರಿಕಾದ ಹಳ್ಳಿಗಳ ಬೋರಿಂಗು

ಪ್ರಶ್ನೆ: ಉಗಾಂಡಾದ ಹಳ್ಳಿಯೊಂದರಲ್ಲಿ ಕೈಪಂಪು ಹಾಕಿಸಲು ನಮ್ಮ ಬಳಗ ಹಣ ಕೊಟ್ಟಿತ್ತು. ಎರಡೇ ವರ್ಷಕ್ಕೆ ಬೆಳಗಿನ ನೀರು ಕೆಂಪಗೆ ಬರತೊಡಗಿದೆ. ಹೆಂಗಸರು ಮತ್ತೆ ಹಳ್ಳದ ನೀರಿಗೆ ಹೋಗುತ್ತಿದ್ದಾರೆ. ನೆಲದ ನೀರೇ ಕೆಟ್ಟಿದೆಯೆ?

ಉತ್ತರ: ನೀರನ್ನು ದೂರುವ ಮುಂಚೆ ಪೈಪನ್ನು ಅನುಮಾನಿಸಿ. ರಾತ್ರಿಯಿಡೀ ಯಾರೂ ಮುಟ್ಟದ ಪಂಪಿನಿಂದ ನಸುಕಿನಲ್ಲಿ ಮೊದಲ ನೀರನ್ನು ಬಿಳಿ ಬಕೆಟ್ಟಿಗೆ ಹಿಡಿಯಿರಿ. ಆಮೇಲೆ ಬಿಡದೆ 20 ನಿಮಿಷ ಹೊಡೆದು ಇನ್ನೊಂದು ಬಕೆಟ್ ತುಂಬಿಸಿ. ಎರಡನೆಯದು ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟರೂ ತಿಳಿಯಾಗಿಯೇ ಇದ್ದರೆ, ನೀರನ್ನು ಕೆಂಪಾಗಿಸಿದ ಕಬ್ಬಿಣ ಬಂದದ್ದು ಪೈಪಿನಿಂದ. 30 ಮೀಟರ್ ಆಳಕ್ಕೆ ಇಳಿಸಿದ 32 ಮಿ.ಮೀ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನಲ್ಲಿ ಸುಮಾರು 27 ಲೀಟರ್ ನೀರು ನಿಂತಿರುತ್ತದೆ. ಅಂದರೆ ಅಲ್ಲಿನವರ 20 ಲೀಟರಿನ ಹಳದಿ ಜೆರಿಕ್ಯಾನ್‌ಗಳಲ್ಲಿ ಮೊದಲ ಸುಮಾರು ಒಂದೂವರೆ ಕ್ಯಾನ್ ತುಕ್ಕಿನ ನೀರೇ. ಎರಡನೆಯ ಬಕೆಟ್ಟೂ ಕೆಂಪಾದರೆ ಮಾತ್ರ ಕಬ್ಬಿಣ ನೆಲದ ಒಳಗಿದೆ. ಆಗ ನೀರಿಗೆ ಗಾಳಿಯಾಡಿಸಿ ಮರಳಿನಲ್ಲಿ ಸೋಸುವ ತೊಟ್ಟಿ ಕಟ್ಟಬೇಕು, ಆ ಮರಳನ್ನು ಆಗಾಗ ತೊಳೆಯಲೂ ಬೇಕು.

ಪೈಪು ತುಕ್ಕು ಹಿಡಿಯಲು ಕಾರಣ ಹುಳಿ ನೀರು. ಹುಳಿಯ ಅಳತೆಯಾದ ಪಿಎಚ್ 6.5ಕ್ಕಿಂತ ಕೆಳಗಿದ್ದರೆ ಪೈಪಿನ ಸತುವಿನ ಲೇಪ ಮೊದಲು ಕರಗುತ್ತದೆ, ಆಮೇಲೆ ಕಬ್ಬಿಣ. ಥ್ರೆಡ್ ಕೊರೆದ ಜಾಗದಲ್ಲಿ ಪೈಪು ಮೊದಲೇ ತೆಳ್ಳಗಿರುವುದರಿಂದ ತೂತು ಬೀಳುವುದೂ ಅಲ್ಲೇ. ಇಂಥ ನೀರಿನಲ್ಲಿ ಚಹಾ ಕಪ್ಪಾಗುತ್ತದೆ, ಒಗೆದ ಬಿಳಿ ಬಟ್ಟೆ ಕಂದುಗಟ್ಟುತ್ತದೆ. ಹಳ್ಳಕ್ಕೆ ಹೋದ ಹೆಂಗಸರಿಗೆ ತಿಳಿವಳಿಕೆ ಇಲ್ಲ ಎಂದು ದಯವಿಟ್ಟು ಅನ್ನಬೇಡಿ. ಅವರು ಕಣ್ಣಾರೆ ಕಂಡದ್ದನ್ನು ನಂಬಿದ್ದಾರೆ. 2016ರಲ್ಲಿ ಉಗಾಂಡಾ ಸರ್ಕಾರವೇ ಕೈಪಂಪಿಗೆ ಜಿಐ ಪೈಪು ಬಳಸುವುದನ್ನು ನಿಲ್ಲಿಸಿತು.

ಪೈಪನ್ನೂ ಅದರೊಳಗೆ ಪಿಸ್ಟನ್ ಎಳೆಯುವ ರಾಡನ್ನೂ ಒಟ್ಟಿಗೇ ಸ್ಟೇನ್‌ಲೆಸ್ ಸ್ಟೀಲಿಗೆ ಬದಲಿಸಿ. ದುಡ್ಡು ಉಳಿಸಲು ಒಂದನ್ನಷ್ಟೇ ಬದಲಿಸಿದರೆ ಎರಡು ಲೋಹಗಳ ನಡುವೆ ತುಕ್ಕು ಇನ್ನೂ ಜೋರಾಗುತ್ತದೆ. ಪಿವಿಸಿ ಪೈಪಿನ ಯು3ಎಂ ಪಂಪು ಇನ್ನೊಂದು ದಾರಿ. ಅಂಟು ಹಾಕುವ ಪಿವಿಸಿ ಆದರೆ ತುದಿ ಒರೆಸಿ, ಅಂಟು ಒಣಗುವವರೆಗೂ ಕಾಯಿರಿ. ಅವಸರ ಮಾಡಿದರೆ ಜೋಡಣೆ ಬಿಚ್ಚಿ ಇಡೀ ಕೊಳವೆ ಬೋರಿನ ತಳ ಸೇರುತ್ತದೆ.

ಪ್ರಶ್ನೆ: ನಮ್ಮೂರುಗಳ ಬೋರಿಂಗೇ ಆಫ್ರಿಕಾದಲ್ಲೂ ಇದೆಯಂತೆ. ಹಾಗಾದರೆ ಆಫ್ರಿದೇವ್ ಅಂದರೇನು?

ಉತ್ತರ: ಹೌದು, ಕರ್ನಾಟಕದ ಹಳ್ಳಿಗಳಲ್ಲಿ ಕಾಣುವ ಇಂಡಿಯಾ ಮಾರ್ಕ್ 2 ಅಲ್ಲೂ ಇದೆ. ಗಟ್ಟಿ ಪಂಪು ಅದು. ಆದರೆ ಒಂದು ವಾಷರ್ ಬದಲಿಸಬೇಕೆಂದರೂ 3 ಮೀಟರಿನ ಪೈಪುಗಳನ್ನು ಒಂದೊಂದಾಗಿ ಮೇಲೆತ್ತಬೇಕು. 30 ಮೀಟರಿಗೆ ಪೈಪಿನ ಭಾರವೇ ನೂರು ಕಿಲೋ ಹತ್ತಿರ. ಆಫ್ರಿದೇವ್ ಎಂಬ ಕೈಪಂಪು 1980ರ ದಶಕದಲ್ಲಿ ಮಲಾವಿ, ಕೀನ್ಯಾಗಳಲ್ಲಿ ರೂಪುಗೊಂಡದ್ದೇ ಈ ಕಷ್ಟ ತಪ್ಪಿಸಲು. ಪೈಪು ಅಲ್ಲಾಡದೆ ನಿಂತಿರುತ್ತದೆ. ಅದರೊಳಗಿಂದಲೇ ರಾಡು, ಪಿಸ್ಟನ್, ತಳದ ವಾಲ್ವ್ ಎಲ್ಲವನ್ನೂ ಮೇಲೆ ಎಳೆಯಬಹುದು. ರಾಡುಗಳು ಕೊಕ್ಕೆಯಿಂದ ಜೋಡಿಕೊಳ್ಳುತ್ತವೆ, ಪಂಪು ಬಿಚ್ಚಲು ಒಂದು ಸ್ಪಾನರ್ ಸಾಕು. ಹಿಡಿಕೆಯ ಪ್ಲಾಸ್ಟಿಕ್ ಬೇರಿಂಗನ್ನು ವರ್ಷಕ್ಕೊಮ್ಮೆ ಬದಲಿಸಿ. 45 ಮೀಟರಿಗಿಂತ ಆಳಕ್ಕೆ ಇದನ್ನು ಇಳಿಸಬೇಡಿ.

ಪ್ರಶ್ನೆ: ಬೆಳಿಗ್ಗೆ ಹತ್ತಿಪ್ಪತ್ತು ಸಲ ಹೊಡೆದ ಮೇಲೇ ನೀರು ಬರುತ್ತದೆ. ಬೋರು ಬತ್ತಿತೆ?

ಉತ್ತರ: ಬಹುಮಟ್ಟಿಗೆ ಇಲ್ಲ. ಪೈಪಿನಲ್ಲಿ ನಿಂತ ನೀರು ರಾತ್ರಿ ಕೆಳಗೆ ಸೋರಿಹೋಗಿರಬಹುದು. ನೀರು ಬರುವಂತೆ ಮಾಡಿ, 30 ನಿಮಿಷ ಬಿಟ್ಟು ಮತ್ತೆ ಹೊಡೆಯಿರಿ. 5 ಹೊಡೆತದೊಳಗೆ ಬಾರದಿದ್ದರೆ ತಳದ ವಾಲ್ವಿನ ರಬ್ಬರ್ ಸವೆದಿದೆ, ಇಲ್ಲವೆ ಪೈಪಿನ ಜೋಡಣೆ ಸೋರುತ್ತಿದೆ. ಮೊದಲು ರಬ್ಬರ್ ಬದಲಿಸಿ ನೋಡಿ.

ರಿಪೇರಿಗೆಂದು ಪಂಪು ಬಿಚ್ಚಿದಾಗಲೆಲ್ಲ ಕೈಯ, ನೆಲದ ಕೊಳೆ ಒಳಗೆ ಹೋಗಿರುತ್ತದೆ. ಕ್ಲೋರಿನ್ ಹಾಕದೆ ಮುಗಿಸಬೇಡಿ. 150 ಮಿ.ಮೀ. ಬೋರಿನಲ್ಲಿ ಮೀಟರಿಗೆ 17.7 ಲೀಟರ್ ನೀರು. 30 ಮೀಟರ್ ನೀರಿದ್ದರೆ 530 ಲೀಟರ್. ಲೀಟರಿಗೆ 50 ಮಿ.ಗ್ರಾಂ. ಕ್ಲೋರಿನ್ ಬೇಕು, ಅಂದರೆ ಶೇ. 33ರ ಬ್ಲೀಚಿಂಗ್ ಪೌಡರ್ 80 ಗ್ರಾಂ. ಬಕೆಟ್ಟಿನಲ್ಲಿ ಕದಡಿ, ಗಸಿ ಇಳಿದ ಮೇಲೆ ತಿಳಿಯನ್ನಷ್ಟೇ ಸುರಿಯಿರಿ. ವಾಸನೆ ಬರುವ ತನಕ ಪಂಪು ಹೊಡೆದು, ರಾತ್ರಿಯಿಡೀ ಹಿಡಿಕೆಗೆ ಹಗ್ಗ ಕಟ್ಟಿಡಿ. ಮರುದಿನ ವಾಸನೆ ಹೋಗುವವರೆಗೆ ನೀರು ಹೊರಚೆಲ್ಲಿ, ಆಮೇಲೆ ಜೆರಿಕ್ಯಾನ್ ಇಡಿ.