ಲಕೋಟೆ ಬಿಸಾಡಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ

ಓದುಗರ ಪತ್ರ: ತೀರಿಹೋದ ನಮ್ಮ ಚಿಕ್ಕಪ್ಪ ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿದ್ದವರು. ಅಟ್ಟದ ಮೇಲಿದ್ದ ಟ್ರಂಕಿನಲ್ಲಿ ಅವರ ಇನ್‌ಲ್ಯಾಂಡ್ ಪತ್ರಗಳು, ಜೈಲಿನ ಊಟ, ಕಂಬಳಿ, ಔಷಧಿಯ ಬಗ್ಗೆ ಬರೆದ ಅರ್ಜಿಗಳ ಕಾರ್ಬನ್ ಪ್ರತಿಗಳು, ಸೈಕ್ಲೋಸ್ಟೈಲ್ ಕರಪತ್ರಗಳು ಸಿಕ್ಕಿವೆ. ಕೆಲವಕ್ಕೆ ಬೂಷ್ಟು ಹಿಡಿದಿದೆ. ಬಿಸಿಲಿಗೆ ಹಾಕಿ, ಮುಖ್ಯವಾದ ಹತ್ತಿಪ್ಪತ್ತನ್ನು ಲ್ಯಾಮಿನೇಷನ್ ಮಾಡಿಸಿ, ಉಳಿದದ್ದನ್ನು ತೆಗೆದುಬಿಡಬಹುದೇ? ಕೊಡುವುದಾದರೆ ಯಾರಿಗೆ ಕೊಡಬೇಕು? (ವಿರಾಜಪೇಟೆ ಬಳಿಯಿಂದ)

ಸಂಪಾದಕರ ಉತ್ತರ:

ಮಾನ್ಯರೇ,

ಒಂದು ಚೂರನ್ನೂ ತೆಗೆಯಬೇಡಿ. ಇವತ್ತು ಆರಿಸಲು ಕೂತರೆ ದೊಡ್ಡವರ ಹೆಸರಿರುವ ಪತ್ರಗಳು ಉಳಿದು, ಕಂಬಳಿ ಕೇಳಿದ ಅರ್ಜಿ ಒಲೆ ಸೇರುತ್ತದೆ. ಜೈಲಿನ ರಿಜಿಸ್ಟರಿನಲ್ಲಿರುವುದು ಜೈಲಿನವರು ಬರೆದದ್ದು. ಒಳಗಿದ್ದವರಿಗೆ ಏನು ಕೊಟ್ಟರು, ಏನು ಕೊಡಲಿಲ್ಲ ಎಂಬುದಕ್ಕೆ ಇಂಥ ಅರ್ಜಿಗಳೇ ಸಾಕ್ಷಿ. ಲಾಹೋರ್ ಜೈಲಿನಲ್ಲಿ 63 ದಿನ ಉಪವಾಸವಿದ್ದು 1929ರ ಸೆಪ್ಟೆಂಬರ್ 13ರಂದು ಕ್ರಾಂತಿಕಾರಿ ಜತೀಂದ್ರನಾಥ ದಾಸ್ ತೀರಿಕೊಂಡಾಗ, ಆ ಹೋರಾಟದ ಬೇಡಿಕೆಗಳಲ್ಲಿ ತಿನ್ನುವ ಊಟ, ಉಡುವ ಬಟ್ಟೆ, ಓದುವ ಪುಸ್ತಕವೂ ಇದ್ದವು. ನಿಮ್ಮ ಚಿಕ್ಕಪ್ಪನವರಿದ್ದ ಜೈಲಿನಲ್ಲೇ ಆಸ್ತಮಾದಿಂದ ನರಳಿದ ನಟಿ ಸ್ನೇಹಲತಾ ರೆಡ್ಡಿ ದಿನಚರಿ ಬರೆದಿಟ್ಟಿದ್ದರು; ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ತೀರಿಹೋದರು. ಔಷಧಿಗಾಗಿ ಬರೆದ ಆ ಕಾರ್ಬನ್ ಪ್ರತಿಯನ್ನು ಅವರ ದಿನಚರಿಯ ಪಕ್ಕದಲ್ಲಿಟ್ಟು ಓದಬೇಕು.

ಈಗ ಕೆಲಸಕ್ಕೆ ಬರೋಣ. ಕಾಫಿ ಕೊಯ್ಲು ಮುಗಿದು ಹೂಮಳೆ ಬೀಳುವುದರೊಳಗೆ ಗಾಳಿ ಒಣಗಿರುತ್ತದೆ, ಆ ಕೆಲವು ವಾರಗಳಲ್ಲೇ ಇದನ್ನು ಮುಗಿಸಿ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಕಟ್ಟು ಬಿಚ್ಚಿದರೆ ಒಣಗಿದ ಬೂಷ್ಟೂ ಮತ್ತೆ ಜೀವ ಹಿಡಿಯುತ್ತದೆ. ಗಾಳಿಯ ತೇವ ಶೇ. 65-70 ದಾಟಿದರೆ ಅದಕ್ಕೆ ಅಷ್ಟೇ ಸಾಕು.

ಮೊದಲು ಟ್ರಂಕನ್ನು ಇದ್ದ ಹಾಗೇ ಫೋಟೋ ತೆಗೆಯಿರಿ. ಪ್ರತಿ ಪದರ ಎತ್ತಿದಾಗಲೂ ಒಂದೊಂದು ಫೋಟೋ. ಯಾವುದರ ಜೊತೆ ಯಾವುದನ್ನು ಕಟ್ಟಿದ್ದರು ಎಂಬ ಆ ಕ್ರಮವನ್ನು ತಾರೀಖಿನ ಪ್ರಕಾರ ಜೋಡಿಸುವ ಆತುರದಲ್ಲಿ ಕೆಡಿಸಬೇಡಿ, ಕೆಟ್ಟರೆ ಮತ್ತೆ ಸಿಗುವುದಿಲ್ಲ. ಬೂಷ್ಟು ಹಿಡಿದವನ್ನು ಬೇರೆ ಕೋಣೆಗೆ ಒಯ್ದು, ಯಾವ ಕಟ್ಟಿನವು ಎಂದು ಚೀಟಿ ಇಡಿ. ಬಿಸಿಲಿಗೆ ಹಾಕಲೇಬೇಡಿ. ಶಾಯಿ ಮಾಸುತ್ತದೆ, ಕಾರ್ಬನ್ ಪ್ರತಿಯ ತೆಳು ಹಾಳೆ ಹಪ್ಪಳದಂತೆ ಮುರಿಯುತ್ತದೆ. ನೆರಳಿನಲ್ಲಿ ಹರಡಿ, ಫ್ಯಾನಿನ ಗಾಳಿ ನೇರವಾಗಿ ತಾಗದಂತೆ ಎರಡು ಮೂರು ದಿನ ಬಿಡಿ. ಬೂಷ್ಟು ಪುಡಿಪುಡಿಯಾದ ಮೇಲೆ ಎನ್-95 ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೆದು ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಸವರಿ. ಹಸಿ ಇರುವಾಗ ಉಜ್ಜಿದರೆ ಅದು ಕಾಗದದೊಳಗೆ ಇಳಿದು ಕಲೆಯಾಗಿ ನಿಲ್ಲುತ್ತದೆ.

ಒದ್ದೆ ಬಟ್ಟೆಯನ್ನಂತೂ ಹತ್ತಿರ ತರಬೇಡಿ. ಆ ಕಾಲದಲ್ಲಿ ನೇರಳೆ ಬಣ್ಣ ಬಿಡುವ ಪೆನ್ಸಿಲ್ ಬಳಕೆಯಲ್ಲಿತ್ತು. ನೋಡಲು ಸಾಮಾನ್ಯ ಸೀಸದಕಡ್ಡಿಯ ಬರಹದಂತೆಯೇ ಇರುತ್ತದೆ, ಒಂದು ಹನಿ ತಾಗಿದರೆ ಸಾಲು ಪೂರ್ತಿ ನೇರಳೆಯಾಗಿ ಹರಡುತ್ತದೆ. ಫೌಂಟನ್ ಪೆನ್ನಿನ ನೀಲಿಯೂ ಹಾಗೆಯೇ. ಸೈಕ್ಲೋಸ್ಟೈಲ್ ಶಾಯಿ ಎಣ್ಣೆಯದಾದ್ದರಿಂದ ನೀರಿಗೆ ಹೆದರಬೇಕಿಲ್ಲ, ಆದರೆ ಅಗ್ಗದ ಆ ಕಾಗದವೇ ಹಳದಿಯಾಗಿ ಪುಡಿಯಾಗುತ್ತದೆ. ಹಾಗಾಗಿ ಮೊದಲು ಸ್ಕ್ಯಾನ್ ಮಾಡಬೇಕಾದದ್ದು ಕರಪತ್ರಗಳನ್ನು.

ಲ್ಯಾಮಿನೇಷನ್ ಬೇಡ ಎನ್ನಲು ಕಾರಣವಿದೆ. ಬಿಸಿಗೆ ಕರಗಿದ ಅಂಟು ಕಾಗದದ ನಾರಿನೊಳಗೆ ಸೇರುತ್ತದೆ, ಮತ್ತೆ ಬಿಡಿಸಲಾಗುವುದಿಲ್ಲ. ಕಾಗದದ ಆಮ್ಲವೂ ತೇವವೂ ಒಳಗೇ ಉಳಿದು ಅದನ್ನು ತಿನ್ನುತ್ತವೆ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ, ಹಳೆಯ ಟೇಪ್ ಇದ್ದರೆ ಕೀಳಬೇಡಿ. ತುಕ್ಕು ಹಿಡಿದ ಗುಂಡುಪಿನ್ನನ್ನು ಎಳೆದರೆ ಸುತ್ತಲಿನ ಕಾಗದವೂ ಕಿತ್ತು ಬರುತ್ತದೆ. ಪಿನ್ನಿನ ಎರಡೂ ಬದಿಗೆ ತೆಳು ಪ್ಲಾಸ್ಟಿಕ್ ಹಾಳೆಯ ಚೂರು ತೂರಿಸಿ, ಅದರ ಮೇಲೆ ಪಿನ್ನನ್ನು ನಿಧಾನ ಜಾರಿಸಿ. ತೆಗೆದ ಮೇಲೆ ಆ ಹಾಳೆಗಳನ್ನು ಒಂದೇ ಮಡಿಕೆಯ ಕಾಗದದೊಳಗೆ ಇಡಿ, ಒಟ್ಟಿಗಿದ್ದವು ಎಂಬುದು ಮರೆಯಬಾರದು.

ಲಕೋಟೆಯನ್ನು ಪತ್ರದಿಂದ ಬೇರೆ ಮಾಡಬೇಡಿ. ಅಂಚೆ ಮುದ್ರೆಯಲ್ಲಿ ತಾರೀಖಿದೆ, ಜೈಲಿನ ಮುದ್ರೆಯಿದ್ದರೆ ಪತ್ರ ಯಾರ ಕಣ್ಣು ದಾಟಿ ಬಂತು ಎಂಬುದಿದೆ. ಕಪ್ಪು ಬಳಿದ ಸಾಲುಗಳನ್ನು ಕೆರೆದು ಓದುವ ಪ್ರಯತ್ನ ಬೇಡ, ಆ ಬಳಿತವೇ ದಾಖಲೆ. ಬಂಧನದ ಆದೇಶ ಇದ್ದು ಕಾರಣಗಳ ಹಾಳೆ ಕಾಣದಿದ್ದರೆ ‘ಕಳೆದಿದೆ’ ಎಂದು ಬರೆದುಬಿಡಬೇಡಿ. ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ಬಿಡುತ್ತಿದ್ದ ಮೀಸಾ ಕಾಯ್ದೆಗೆ 1975ರಲ್ಲಿ ಸೇರಿಸಿದ 16ಎ ಕಲಮಿನಿಂದಾಗಿ ಬಂಧಿತರಿಗೆ ಕಾರಣ ತಿಳಿಸುವ ಅಗತ್ಯವೇ ಇರಲಿಲ್ಲ. ಆ ಹಾಳೆ ಇಲ್ಲದಿರುವುದೇ ಅನ್ಯಾಯದ ಗುರುತು. ಡಿ.ಐ.ಆರ್. (ಭಾರತ ರಕ್ಷಣಾ ನಿಯಮಗಳು) ಅಡಿ ಬಂಧನವಾಗಿದ್ದರೆ ಮೊಕದ್ದಮೆ ಹೂಡಿರಬಹುದು, ಕೋರ್ಟಿನ ಕಡತಗಳಲ್ಲಿ ಹುಡುಕಬೇಕು.

ಕರಪತ್ರಗಳಲ್ಲಿ ತಾರೀಖು, ಮುದ್ರಕರ ಹೆಸರು ಇರುವುದು ಅಪರೂಪ. ಹೆಸರು ಹಾಕಿದರೆ ಮುದ್ರಿಸಿದವರೂ ಒಳಗೆ ಹೋಗುತ್ತಿದ್ದರು. ಬರಹದಿಂದಲೇ ಕಾಲ ಊಹಿಸಬೇಕು. ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಹಕ್ಕನ್ನು ಸುಪ್ರೀಂ ಕೋರ್ಟ್ ನಿರಾಕರಿಸಿದ ಮಾತಿದ್ದರೆ ಅದು 1976ರ ಏಪ್ರಿಲ್ 28ರ ನಂತರದ್ದು. ಚುನಾವಣೆ ಘೋಷಣೆಯಾದ ಮಾತಿದ್ದರೆ 1977ರ ಜನವರಿ 18ರ ನಂತರದ್ದು. ಊಹೆಯ ತಾರೀಖನ್ನು ಚೌಕ ಕಂಸದಲ್ಲಿ, ಬೇರೆ ಚೀಟಿಯಲ್ಲಿ ಬರೆಯಿರಿ. ಮೂಲ ಹಾಳೆಯ ಮೇಲೆ ಪೆನ್ನು ಆಡಿಸಬೇಡಿ.

ಇಡುವುದಕ್ಕೆ ಆ ಟ್ರಂಕ್ ಬೇಡ. ಒಳಗೆ ಬೆವರಿ ತುಕ್ಕು ಹಿಡಿಯುತ್ತದೆ. ಆಮ್ಲರಹಿತ ಕಾಗದದ ಮಡಿಕೆ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಗಂಜಿ ಹೋಗುವಂತೆ ಎರಡು ಸಲ ಒಗೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಕಟ್ಟಿ. ಕೆಂಪು ಬಟ್ಟೆ ಬಣ್ಣ ಬಿಡುತ್ತದೆ. ಕಟ್ಟುಗಳನ್ನು ಬಿಗಿ ಮುಚ್ಚಳದ 20 ಲೀಟರ್ ಪಾಲಿಪ್ರೊಪಿಲೀನ್ ಡಬ್ಬಿಯಲ್ಲಿಟ್ಟು, ಸುಮಾರು 250 ಗ್ರಾಂ ಸಿಲಿಕಾ ಜೆಲ್ಲನ್ನು ಬಟ್ಟೆಚೀಲದಲ್ಲಿ ಹಾಕಿ, ಒಂದು ಸಣ್ಣ ತೇವಮಾಪಕ ಇಡಿ. ಶೇ. 45ರಿಂದ 55ರೊಳಗೆ ಇದ್ದರೆ ಸರಿ. 60 ದಾಟಿದರೆ ಜೆಲ್ಲನ್ನು 110-120 ಡಿಗ್ರಿ ಓವನ್ನಿನಲ್ಲಿ ಎರಡು ಮೂರು ಗಂಟೆ ಒಣಗಿಸಿ, ಆರಿದ ಮೇಲೆ ವಾಪಸ್ ಇಡಿ. ಕಾಗದ ಪೂರ್ತಿ ಒಣಗುವ ಮೊದಲೇ ಡಬ್ಬಿ ಮುಚ್ಚಿದರೆ ಒಳಗೇ ಬೂಷ್ಟು ಬೆಳೆಯುತ್ತದೆ, ಹೆಚ್ಚಿನವರು ಎಡವುವುದು ಇಲ್ಲಿಯೇ. ಡಬ್ಬಿ ಒಳಗೋಡೆಯ ಪಕ್ಕ, ನೆಲದಿಂದ ಒಂದಡಿ ಮೇಲಿರಲಿ. 2018ರ ಆಗಸ್ಟಿನ ಪ್ರವಾಹ, ಭೂಕುಸಿತ ಕಂಡ ನಮ್ಮ ಜಿಲ್ಲೆಯಲ್ಲಿ ಎಲ್ಲವನ್ನೂ ಒಂದೇ ಮನೆಯಲ್ಲಿ ಇಡುವುದು ಸರಿಯಲ್ಲ, ಸ್ಕ್ಯಾನಿನ ಒಂದು ಪ್ರತಿ ಜಿಲ್ಲೆಯ ಹೊರಗಿರಲಿ.

ಸ್ಕ್ಯಾನನ್ನು 400 ಡಿಪಿಐನಲ್ಲಿ, ಬಣ್ಣದಲ್ಲಿ ಮಾಡಿಸಿ. ಕಪ್ಪುಬಿಳುಪಿನಲ್ಲಿ ನೇರಳೆ ಮುದ್ರೆ ಮಾಯವಾಗುತ್ತದೆ. ಖಾಲಿ ಹಿಂಬದಿಯೂ ಬರಲಿ.

ಕೊಡುವುದಾದರೆ ಬೆಂಗಳೂರಿನ ರಾಜ್ಯ ಪತ್ರಾಗಾರವನ್ನು ಮೊದಲು ವಿಚಾರಿಸಿ. ಕೊಡುವ ಮುನ್ನ ಲಿಖಿತ ಒಪ್ಪಂದ ಬೇಕು: ಸಂಗ್ರಹ ಚದುರಿಸಬಾರದು, ನಿಮಗೆ ಪ್ರತಿ ಸಿಗಬೇಕು, ಕೆಲವು ಹಾಳೆಗಳು ಇಂತಿಷ್ಟು ವರ್ಷ ಮುಚ್ಚಿರಬೇಕು. ಈ ಕೊನೆಯದು ಮುಖ್ಯ. ಅರ್ಜಿಗಳಲ್ಲಿ ಬೇರೆ ಕೈದಿಗಳ ಕಾಯಿಲೆ, ಮನೆ ಕಷ್ಟ, ಯಾರ ಮೇಲೋ ಮಾಹಿತಿದಾರನೆಂಬ ಅನುಮಾನ ಇರಬಹುದು, ಅವರ ಮಕ್ಕಳು ಇನ್ನೂ ಇದೇ ಊರುಗಳಲ್ಲಿದ್ದಾರೆ. ಅಚ್ಚು ಹಾಕಿಸುವ ಯೋಚನೆಯಿದ್ದರೆ ಇನ್ನೊಂದು ಮಾತು: ಕಾಗದ ನಿಮ್ಮದಾದರೂ ಬರಹದ ಹಕ್ಕು ಬರೆದವರದು, ಅವರು ತೀರಿಕೊಂಡ ಮೇಲೆ ವಾರಸುದಾರರದು; ಬರೆದವರು ಬದುಕಿದ್ದಾಗ ಪ್ರಕಟವಾಗದ ಬರಹಕ್ಕೆ ಅದು ಮೊದಲು ಪ್ರಕಟವಾದ ವರ್ಷದ ನಂತರ 60 ವರ್ಷ ಇರುತ್ತದೆ.

ಬಂಧನದ ಆದೇಶ ಟ್ರಂಕಿನಲ್ಲಿ ಇಲ್ಲದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. 20 ವರ್ಷ ದಾಟಿದ ಸಂಗತಿಗೆ ಕಾಯ್ದೆಯ 8(3) ಕಲಮಿನಂತೆ ಹೆಚ್ಚಿನ ವಿನಾಯಿತಿಗಳು ಅನ್ವಯಿಸುವುದಿಲ್ಲ. ಮೀಸಾ ಆದೇಶ ಹೊರಡಿಸುತ್ತಿದ್ದವರಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟರೂ ಸೇರಿದ್ದರಿಂದ ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಗೆ ಒಂದು, ರಾಜ್ಯದ ಗೃಹ ಇಲಾಖೆಗೆ ಒಂದು ಕಳಿಸಿ. ಚಿಕ್ಕಪ್ಪನವರ ಪೂರ್ಣ ಹೆಸರು, ತಂದೆಯ ಹೆಸರು, ಊರು ಬರೆದು, ಯಾವುದಾದರೂ ಪತ್ರದ ಮೇಲೆ ಕೈದಿ ಸಂಖ್ಯೆ ಇದ್ದರೆ ಅದನ್ನೂ ಸೇರಿಸಿ.