ಗುಂಪಿನಲ್ಲಿ ಉತ್ತರಿಸುವಾಗ ಯಾವ ಮೆಸೇಜಿಗೆ ಎಂದು ತೋರಿಸಲೇಬೇಕೇ?

ಮೂಲ ಮೆಸೇಜನ್ನು ಎಳೆದು ಅದರ ಕೆಳಗೇ ಉತ್ತರ ಬರೆಯದಿದ್ದರೆ ನಿಮ್ಮ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಸಿಟ್ಟಾಗುತ್ತಾರೆ, ಅಷ್ಟು ಕಟ್ಟುನಿಟ್ಟು ಬೇಕಾ ಎಂದು ಕೇಳಿದ್ದೀರಿ. ಬೇಕು. ನಾನೂ ಅಡಿಕೆ ಬೆಳೆಗಾರರ ಒಂದು ಗುಂಪು ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಆದದ್ದು ಹೇಳುತ್ತೇನೆ.

ಜೂನ್ ತಿಂಗಳು, ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಔಷಧಿ ಹೊಡೆಯುವ ಹೊತ್ತು. ಹೊಸದಾಗಿ ತೋಟ ನೋಡಿಕೊಳ್ಳುತ್ತಿದ್ದ ಹುಡುಗನೊಬ್ಬ 200 ಲೀಟರ್ ಡ್ರಮ್ಮಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಎಷ್ಟು ಹಾಕಬೇಕು ಎಂದು ಕೇಳಿದ. ಅವನ ಹಿಂದೆಯೇ ಇನ್ನೊಬ್ಬರು, ಹುಳಿ ಮಣ್ಣಿಗೆ ಮರವೊಂದಕ್ಕೆ ಸುಣ್ಣ ಎಷ್ಟು ಎಂದರು. ನಡುವೆ ಧಾರಣೆಯ ಮಾತು, ಹುಟ್ಟುಹಬ್ಬದ ಶುಭಾಶಯ. ಸಂಜೆ ಹಿರಿಯರೊಬ್ಬರು "ಅರ್ಧ ಕೆಜಿ ಸಾಕು ಮಾರಾಯ" ಎಂದು ಬರೆದರು. ಮರದ ಬುಡದ ಸುಣ್ಣಕ್ಕೆ ಅದು ಸರಿಯಾದ ಉತ್ತರ. ಹುಡುಗನ ಮನೆಯಲ್ಲಿ ನೆಟ್‌ವರ್ಕ್ ಸಿಗುವುದೇ ರಾತ್ರಿ. ಎಲ್ಲ ಒಟ್ಟಿಗೆ ಬಂದು ಬಿದ್ದಾಗ ಆ ಮಾತು ತನಗೇ ಎಂದುಕೊಂಡ. ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಅವನ ಡ್ರಮ್ಮಿಗೆ 2 ಕೆಜಿ ಮೈಲುತುತ್ತ ಬೇಕಿತ್ತು, ಹಾಕಿದ್ದು ಅದರ ಕಾಲು ಭಾಗ. ಆಗಸ್ಟಿನಲ್ಲಿ ಅವನ ತೋಟದ ಬುಡದಲ್ಲೆಲ್ಲ ಕೊಳೆತ ಕಾಯಿ. ಸರಿಯಾದದ್ದನ್ನೇ ಹೇಳಿದ್ದ ಹಿರಿಯರು ಆ ವರ್ಷವಿಡೀ ನೊಂದುಕೊಂಡರು.

ಇದು ಹೊಸ ತೊಂದರೆಯಲ್ಲ. 1995ರಲ್ಲಿ ಬಂದ ಆರ್‌ಎಫ್‌ಸಿ 1855 ಎಂಬ ಇಂಟರ್ನೆಟ್ ಶಿಷ್ಟಾಚಾರದ ದಾಖಲೆಯೂ ಇದನ್ನೇ ಹೇಳುತ್ತದೆ: ಉತ್ತರಿಸುವಾಗ ಮೂಲ ಮಾತಿನ ಸಾರವನ್ನೋ, ಸಂದರ್ಭ ತಿಳಿಯುವಷ್ಟು ತುಣುಕನ್ನೋ ಜೊತೆಗಿಡಿ. ಆಗಲೂ ಕೆಲವರಿಗೆ ಪ್ರಶ್ನೆಗಿಂತ ಮೊದಲೇ ಉತ್ತರ ತಲುಪುತ್ತಿತ್ತು.

ಎಳೆದು ಉತ್ತರಿಸಿದರೂ ಅಷ್ಟಕ್ಕೇ ನಿಲ್ಲಿಸಬೇಡಿ. ಉದ್ದದ ಮೆಸೇಜಾದರೆ ಮೇಲೆ ಕಾಣುವುದು ಅದರ ಮೊದಲ ಸಾಲುಗಳಷ್ಟೇ. ಅದರಲ್ಲಿ ಮೂರು ಪ್ರಶ್ನೆಗಳಿದ್ದರೆ ಯಾವುದಕ್ಕೆ ಎಂದು ಬಾಯಿಬಿಟ್ಟು ಹೇಳಿ: "ಸುಣ್ಣಕ್ಕಾದರೆ ಮರಕ್ಕೆ ಅರ್ಧ ಕೆಜಿ." ಎರಡು ಪದ ಹೆಚ್ಚು, ಅಷ್ಟೇ.

ತಪ್ಪು ಬರೆದಿದ್ದರೆ? ವಾಟ್ಸ್‌ಆ್ಯಪ್‌ನಲ್ಲಿ 15 ನಿಮಿಷದೊಳಗೆ ತಿದ್ದಬಹುದು. ಆದರೆ ಅಂಕಿ ತಪ್ಪಿದ್ದರೆ ಸುಮ್ಮನೆ ತಿದ್ದಿ ಬಿಡಬೇಡಿ, ಮೊದಲೇ ಓದಿದವರು ಮತ್ತೆ ಹಿಂದೆ ಹೋಗಿ ನೋಡುವುದಿಲ್ಲ. ಹಳೆಯದನ್ನೇ ಎಳೆದು "ಇದು ತಪ್ಪು, 2 ಕೆಜಿ" ಎಂದು ಹೊಸದಾಗಿ ಬರೆಯಿರಿ. ಬೇರೆಯವರ ಪ್ರಮಾಣ ತಪ್ಪಾಗಿದ್ದರೂ ಗುಂಪಿನಲ್ಲೇ ಹೇಳಬೇಕು, ಹಿರಿಯರಾದರೂ ಸರಿ. "ಅಣ್ಣ, ಪ್ರಮಾಣ ಇನ್ನೊಮ್ಮೆ ನೋಡ್ತೀರಾ?" ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಕಾಗುಣಿತದ ತಪ್ಪು, ಮಾತಿನ ಒರಟುತನ, ಇವುಗಳಿಗೆ ಮಾತ್ರ ಅವರೊಬ್ಬರಿಗೇ ಮೆಸೇಜ್ ಹಾಕಿ.

ಆ ಹಿರಿಯರು ಈಗಲೂ ಉತ್ತರಿಸುತ್ತಾರೆ. ಮೆಸೇಜ್ ಎಳೆಯುವುದು ಅವರ ಬೆರಳಿಗೆ ಒಗ್ಗಿಲ್ಲ, ಅದಕ್ಕೇ ಕೇಳಿದವರ ಹೆಸರು, ಬೆಳೆ, ವಸ್ತು ಮೂರನ್ನೂ ಬರೆದು ಆಮೇಲೆ ಅಂಕಿ ಹಾಕುತ್ತಾರೆ.