ಮನೆಮಾತು ಕನ್ನಡ, ಆದರೂ ಕ್ಲಾಸು ಖಾಲಿ!

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನಲ್ಲಿ ಉತ್ತರ ಭಾರತದ ಏಳೆಂಟು ಮಂದಿಗೆ ಭಾನುವಾರ ಕನ್ನಡ ಹೇಳಿಕೊಡ್ತೀನಿ. ನಮ್ಮದು ತುಮಕೂರು, ಮನೆಮಾತು ಕನ್ನಡ. ಈಗ ಪಕ್ಕದ ಬ್ಲಾಕಿನ ಮೇಡಂ ಒಬ್ಬರು ಕ್ಲಾಸು ಶುರು ಮಾಡಿದ್ದಾರೆ. ಅವರು ಕಾನ್ಪುರದವರು, ಬೆಂಗಳೂರಿಗೆ ಬಂದ ಮೇಲೆ ಕನ್ನಡ ಕಲಿತವರು. ನನ್ನವರಲ್ಲಿ ಮೂವರು ಅಲ್ಲಿಗೆ ಹೋದರು. ಹುಟ್ಟಿದಾಗಿನಿಂದ ಮಾತಾಡೋ ನನಗಿಂತ ಅವರು ಚೆನ್ನಾಗಿ ಕಲಿಸೋಕೆ ಆಗುತ್ತಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬೇಜಾರು ಮಾಡ್ಕೋಬೇಡಿ. ಮೊದಲು ಇದಕ್ಕೆ ಉತ್ತರ ಹೇಳಿ. 'ನೋಡು' ಅನ್ನೋದು 'ನೋಡಿದೆ' ಆಗುತ್ತೆ. ಹಾಗಾದರೆ 'ಕೊಡು' ಯಾಕೆ 'ಕೊಡಿದೆ' ಆಗಲ್ಲ, 'ಕೊಟ್ಟೆ' ಆಗುತ್ತೆ?

'ಅದು ಹಾಗೇನೇ' ಅಂದ್ರಾ? ನಾವೆಲ್ಲ ಅನ್ನೋದು ಅದೇ. ಆದರೆ ಅಲ್ಲೊಂದು ಲೆಕ್ಕ ಇದೆ. ಮಾಡು, ಓಡು, ಹಾಡು, ಬೇಡು: ಮೊದಲ ಅಕ್ಷರ ದೀರ್ಘ, ಹಾಗಾಗಿ ಮಾಡಿದೆ, ಓಡಿದೆ. ಬಿಡು, ಇಡು, ಸುಡು, ನೆಡು: ಹ್ರಸ್ವ, ಹಾಗಾಗಿ ಬಿಟ್ಟೆ, ಇಟ್ಟೆ. ನಮಗಿದು ಅಮ್ಮನ ಮಡಿಲಲ್ಲೇ ಬಂತು, ಲೆಕ್ಕ ಹಾಕೋ ಪ್ರಮೇಯವೇ ಬರಲಿಲ್ಲ. ದೊಡ್ಡವರಾದ ಮೇಲೆ ಕಲಿತವರು ಎಡವಿ ಎಡವಿ ಇಂಥವನ್ನು ಕಂಡುಕೊಂಡಿರುತ್ತಾರೆ. (ಹಿಂದಿಯಲ್ಲಿ ಬಸ್ಸು ಯಾಕೆ ಹೆಣ್ಣು, ಟ್ರಕ್ಕು ಯಾಕೆ ಗಂಡು ಅಂತ ಆ ಮೇಡಂನ ಕೇಳಿ ನೋಡಿ. ಅವರೂ ನಿಮ್ಮ ಹಾಗೇ ತಲೆ ಕೆರ್ಕೋತಾರೆ.)

ಉಚ್ಚಾರಣೆಯದೂ ಇದೇ ಕಥೆ. ಹಿಂದಿಯವರ ಬಾಯಲ್ಲಿ 'ಹುಳಿ' ಸುಲಭವಾಗಿ 'ಹುಲಿ' ಆಗಿಬಿಡುತ್ತೆ. 'ಹೇಳಿ' ಏನಾಗುತ್ತೆ ಅಂತ ನಾನು ಬರೆಯಲ್ಲ, ನಿಮಗೆ ಗೊತ್ತು! ನಾವು 'ಳ ಅನ್ರೀ, ಳ' ಅಂತ ಜೋರಾಗಿ ಹತ್ತು ಸಲ ಹೇಳ್ತೀವಿ. ಳ ಕಲಿಯೋಕೆ ತಾನೇ ಒದ್ದಾಡಿದವರು 'ನಾಲಿಗೆ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿಸಿ' ಅಂತಾರೆ. 'ನನಗೆ ಬೇಕು' ಅನ್ನೋದು ಥೇಟ್ 'ಮುಝೇ ಚಾಹಿಯೇ' ಥರಾನೇ ಅನ್ನೋದೂ ಅವರಿಗೆ ಥಟ್ಟನೆ ಹೊಳೆಯುತ್ತೆ.

ಮನೆಮಾತಿನವರೇ ಶ್ರೇಷ್ಠ ಗುರು ಅನ್ನೋ ನಂಬಿಕೆ ನಿಮ್ಮೊಬ್ಬರದಲ್ಲ. 1961ರಲ್ಲಿ ಉಗಾಂಡಾದ ಮಕೆರೆರೆಯಲ್ಲಿ ನಡೆದ ಇಂಗ್ಲಿಷ್ ಬೋಧನೆಯ ಸಮ್ಮೇಳನದ ನಿಲುವೂ ಇದೇ ಆಗಿತ್ತು. ಅದು ಬರೀ ಭ್ರಮೆ ಅಂತ 1992ರಲ್ಲಿ ವಾದಿಸಿದ ಭಾಷಾತಜ್ಞ ರಾಬರ್ಟ್ ಫಿಲಿಪ್ಸನ್ ಇಂಗ್ಲಿಷ್ ಮನೆಮಾತಿನವರೇ.

ಹಾಗಂತ ಕ್ಲಾಸು ಮುಚ್ಚಬೇಡಿ. 'ಊಟ ಮಾಡ್ಕೊಂಡು ಹೋಗಿ' ಅಂದದ್ದು ನಿಜವಾದ ಕರೆಯೋ, ಬಾಯುಪಚಾರವೋ? ನಿಮಗೆ ದನಿಯಲ್ಲೇ ತಿಳಿಯುತ್ತೆ. ಯಾವುದು ವ್ಯಾಕರಣಕ್ಕೆ ಸರಿ ಇದ್ದರೂ ಯಾರೂ ಹಾಗೆ ಮಾತಾಡಲ್ಲ ಅನ್ನೋದೂ ನಿಮಗೆ ಗೊತ್ತು. ತಡವಾಗಿ ಕಲಿತವರಿಗೆ ಇದು ಬರಬಾರದು ಅಂತೇನಿಲ್ಲ, ಆದರೆ ವರ್ಷಗಟ್ಟಲೆ ಬೇಕು. ಅವರ ಸಣ್ಣಪುಟ್ಟ ತಪ್ಪುಗಳೂ ಕಲಿಯುವವರಿಗೆ ಅಂಟಿಕೊಳ್ಳಬಹುದು.

ನನ್ನ ಕೇಳಿದರೆ ಇಬ್ಬರೂ ಸೇರಿ ಒಂದೇ ಕ್ಲಾಸು ಮಾಡಿ. ಮೊದಲರ್ಧ ಗಂಟೆ ಮೇಡಂ ಪಾಠ ಮಾಡಲಿ. ಆಮೇಲೆ ನೀವು ಎಲ್ಲರನ್ನೂ ತರಕಾರಿ ಅಂಗಡಿಗೆ ಕರ್ಕೊಂಡು ಹೋಗಿ, ಅವರ ಕೈಯಲ್ಲೇ ಚೌಕಾಸಿ ಮಾಡಿಸಿ. ಒಂದೇ ಷರತ್ತು: ಅವರು ತಡವರಿಸಿದ ಕೂಡಲೇ ಪಾಪ ಅಂತ ನೀವು ಹಿಂದಿಗೆ ಜಾರಬಾರದು. ನಮ್ಮವರಿಗೆ ಆ ಚಾಳಿ ಸ್ವಲ್ಪ ಜಾಸ್ತಿ, ಅಲ್ವಾ?